ಎಷ್ಟು ಜಿಬಿ ಅಂತ ಕೇಳ್ತೀವಿ, ಎಷ್ಟು ವೇಗ ಅಂತ ಕೇಳಲ್ಲ: ಫೋನ್ ಸ್ಟೋರೇಜಿನ ಕಥೆ

ಮೊಬೈಲ್ ಅಂಗಡಿಗೆ ಹೋದರೆ ನಾವೆಲ್ಲ ಕೇಳುವ ಮೊದಲ ಪ್ರಶ್ನೆ "ಎಷ್ಟು ಜಿಬಿ?" ಅಂತ. 64 ಅಂದರೆ ಸ್ವಲ್ಪ ಯೋಚನೆ ಮಾಡ್ತೀವಿ, 128 ಅಂದರೆ ತಲೆಯಾಡಿಸ್ತೀವಿ. ಆ ಜಿಬಿ ಎಷ್ಟು ಚುರುಕು ಅನ್ನುವುದನ್ನು ಕೇಳುವವರು ಕಡಿಮೆ. ಅಗ್ಗದ ಫೋನುಗಳ ಡಬ್ಬದ ಮೇಲೆ ಸಾಮಾನ್ಯವಾಗಿ ಅದನ್ನು ಬರೆದಿರುವುದೂ ಇಲ್ಲ. ಎರಡು ವರ್ಷ ಕಳೆದು, ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಒಂದು ಫೋಟೊ ಉಳಿಸಲು ಫೋನು ಏದುಸಿರು ಬಿಡುವಾಗ ಊರಿನ ಕಾಲೇಜು ಹುಡುಗರು ಪ್ಲೇ ಸ್ಟೋರಿನಿಂದ ಒಂದು ಬೆಂಚ್‌ಮಾರ್ಕ್ ಆ್ಯಪ್ ಇಳಿಸಿ ಪರೀಕ್ಷೆ ಮಾಡುತ್ತಾರೆ. ಸ್ನೇಹಿತನ ಫೋನಿನಲ್ಲಿ ಸೆಕೆಂಡಿಗೆ 800 ಎಂಬಿ, ನಮ್ಮದರಲ್ಲಿ 250. "ಚಿಪ್ ಹೋಗಿದೆ, ಹೊಸದು ತಗೊಳ್ಳಿ" ಅನ್ನುವ ಸಲಹೆ ತಕ್ಷಣ ಸಿಗುತ್ತದೆ.

ಹೊಸದಕ್ಕೆ ಹತ್ತು ಸಾವಿರ ರೂಪಾಯಿ ಬೇಕು. ಅದನ್ನು ಖರ್ಚು ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ: ಕಡಿಮೆ ಅಂಕಿ ನೋಡಿ ಗಾಬರಿಯಾದವರಲ್ಲಿ ನಾವು ಮೊದಲಿಗರಲ್ಲ. ಆಂಡ್ರಾಯ್ಡ್ ಬಂದಾಗಿನಿಂದ ಹಲವು ಸಲ ಹೀಗಾಗಿದೆ, ಪ್ರತಿ ಸಲವೂ ತಪ್ಪು ಬೇರೆ ಬೇರೆ ಕಡೆ ಇತ್ತು. ಚಿಪ್ ನಿಜವಾಗಿ ಕೆಟ್ಟು ಹೀಗಾದದ್ದು ಅಪರೂಪ.

ಕಥೆ ಶುರುವಾಗುವುದು ಜಪಾನಿನಲ್ಲಿ. ತೋಶಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುಓಕಾ 1984ರಲ್ಲಿ ಹೊಸ ಬಗೆಯ ಮೆಮೊರಿಯೊಂದನ್ನು ಲೋಕಕ್ಕೆ ತೋರಿಸಿದರು. ಕರೆಂಟು ಹೋದರೂ ಅದರಲ್ಲಿ ಬರೆದದ್ದು ಅಳಿಯುತ್ತಿರಲಿಲ್ಲ. ಅಳಿಸುವಾಗ ಮಾತ್ರ ದೊಡ್ಡ ಭಾಗವೊಂದು ಒಂದೇ ಏಟಿಗೆ ಖಾಲಿಯಾಗುತ್ತಿತ್ತು. ಕ್ಯಾಮೆರಾ ಫ್ಲಾಶ್ ಹೊಡೆದ ಹಾಗಿದೆ ಅಂತ ಸಹೋದ್ಯೋಗಿಯೊಬ್ಬರು ಅದಕ್ಕೆ ಫ್ಲಾಶ್ ಎಂಬ ಹೆಸರು ಸೂಚಿಸಿದರು. 1987ರಲ್ಲಿ ಅದೇ ತಂಡ ನ್ಯಾಂಡ್ ಫ್ಲಾಶ್ ಅನ್ನು ಮುಂದಿಟ್ಟಿತು. ಇವತ್ತು ನಿಮ್ಮ ಕೈಯಲ್ಲಿರುವ ಫೋನಿನ ಒಳಗಿರುವುದು ಅದರ ವಂಶದ್ದೇ. (ಇಷ್ಟು ದೊಡ್ಡ ಕೆಲಸ ಮಾಡಿದ ಮಸುಓಕಾ ತಮಗೆ ಸಲ್ಲಬೇಕಾದ ಹಣಕ್ಕಾಗಿ 2004ರಲ್ಲಿ ಕಂಪನಿಯ ಮೇಲೆ ಕೋರ್ಟಿಗೆ ಹೋಗಬೇಕಾಯಿತು. ಕೇಳಿದ್ದು 100 ಕೋಟಿ ಯೆನ್. 2006ರಲ್ಲಿ ರಾಜಿಯಾಗಿ ಸಿಕ್ಕಿದ್ದು 8.7 ಕೋಟಿ.)

ಈ ಚಿಪ್ಪಿನ ಗುಣ ಅರ್ಥವಾಗಬೇಕಾದರೆ ಶಾಲೆಯ ಸ್ಲೇಟು ನೆನಪಿಸಿಕೊಳ್ಳಿ. ಖಾಲಿ ಸ್ಲೇಟಿನಲ್ಲಿ ಒಂದೊಂದೇ ಸಾಲು ಬರೆಯುತ್ತಾ ಹೋಗಬಹುದು. ಆದರೆ ನಡುವಿನ ಒಂದು ಸಾಲನ್ನು ಮಾತ್ರ ಒರೆಸಲು ಬರುವುದಿಲ್ಲ, ಒರೆಸಿದರೆ ಇಡೀ ಸ್ಲೇಟು ಒರೆಸಬೇಕು. ಹಾಗಾಗಿ ಫೋನಿನ ಚಿಪ್ ಏನು ಮಾಡುತ್ತದೆ? ಬೇಕಾದ ಸಾಲುಗಳನ್ನು ಇನ್ನೊಂದು ಖಾಲಿ ಸ್ಲೇಟಿಗೆ ನಕಲು ಮಾಡಿ, ಆಮೇಲೆ ಹಳೆಯದನ್ನು ಒರೆಸುತ್ತದೆ. ಖಾಲಿ ಸ್ಲೇಟುಗಳು ರಾಶಿ ಬಿದ್ದಿರುವವರೆಗೆ ಕೆಲಸ ಸರಾಗ. ಖಾಲಿಯಾದವು ಮೂರೋ ನಾಲ್ಕೋ ಉಳಿದಾಗ ಒಂದು ಸಾಲು ಬರೆಯಲು ಹತ್ತು ಸಾಲು ನಕಲು ಮಾಡುವ ಪಾಡು. ಒರೆಸಿ ಒರೆಸಿ ಸ್ಲೇಟು ಸವೆಯುವುದೂ ನಿಜ. ಮುಂದೆ ಹೇಳುವ ಹಲವು ಗೋಳುಗಳಿಗೆ ಮೂಲ ಇದೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಚ್‌ಮಾರ್ಕ್ ಆ್ಯಪ್ ಒಂದೇ ಅಂಕಿ ಕೊಡುವುದಿಲ್ಲ. ಕೊರಿಯಾದ ಸುಂಗ್‌ಕ್ಯುನ್‌ಕ್ವಾನ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ಮಾಡಿದ ಆ್ಯಂಡ್ರೊಬೆಂಚ್ ಎಂಬ ಆ್ಯಪ್ ಹಲವು ವರ್ಷ ಎಲ್ಲರೂ ಬಳಸಿದ ಅಳತೆಗೋಲು. ಅದರಲ್ಲಿ ಸೀಕ್ವೆನ್ಷಿಯಲ್ ಅಂತ ಒಂದು, ರ‍್ಯಾಂಡಮ್ ಅಂತ ಇನ್ನೊಂದು ಇರುತ್ತದೆ. ನ್ಯಾಯಬೆಲೆ ಅಂಗಡಿಗೆ ಲಾರಿ ಬಂದು ಅಕ್ಕಿ ಮೂಟೆಗಳನ್ನು ಸಾಲಾಗಿ ಇಳಿಸಿದಂತೆ ಸೀಕ್ವೆನ್ಷಿಯಲ್. ಅದೇ ಅಂಗಡಿಯವರು ಒಂದೊಂದು ಕಾರ್ಡು ನೋಡಿ, ಬೆರಳಚ್ಚು ಹಾಕಿಸಿ, ಐದೈದು ಕೆಜಿ ತೂಗಿ ಕೊಟ್ಟಂತೆ ರ‍್ಯಾಂಡಮ್. ಲಾರಿ ಎಷ್ಟು ಬೇಗ ಖಾಲಿಯಾಯಿತು ಅಂತ ಕೇಳಿಕೊಂಡು ಸಾಲಿನಲ್ಲಿ ನಿಂತವರಿಗೆ ಏನಾಗಬೇಕು? ಸಿನಿಮಾ ಒಂದನ್ನು ನಕಲು ಮಾಡುವಾಗ ಮೊದಲನೆಯದು ಮುಖ್ಯ. ವಾಟ್ಸ್‌ಆ್ಯಪ್ ತೆರೆಯುವುದು, ಫೋನ್ ನಂಬರ್ ಹುಡುಕುವುದು, ಆ್ಯಪ್ ಅಪ್‌ಡೇಟ್ ಆಗುವುದು ಹೆಚ್ಚಾಗಿ ಎರಡನೆಯದರ ಮೇಲೆ ನಿಂತಿದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಮಾತ್ರ ಮೊದಲನೆಯ ಅಂಕಿಯನ್ನೇ.

ಆಂಡ್ರಾಯ್ಡ್‌ನ ಮೊದಲ ಫೋನು, ಎಚ್‌ಟಿಸಿ ಡ್ರೀಮ್, 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಬಂದಾಗ ಒಳಗಿದ್ದದ್ದು 256 ಎಂಬಿ. ಜಿಬಿ ಅಲ್ಲ, ಎಂಬಿ. ಉಳಿದದ್ದಕ್ಕೆಲ್ಲ ಮೆಮೊರಿ ಕಾರ್ಡೇ ಗತಿ. 2010ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಬಂತು. ಪ್ರೊಸೆಸರ್ ಆ ಕಾಲಕ್ಕೆ ಬಹಳ ಜೋರು, ಆದರೂ ಫೋನು ಆಗಾಗ ತಡವರಿಸಿ ನಿಲ್ಲುತ್ತಿತ್ತು. ಕೊಂಡವರೇ ತಲೆಕೆಡಿಸಿಕೊಂಡು ಹುಡುಕಿದಾಗ ಸಿಕ್ಕಿದ್ದು ಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ, ಅಂದರೆ ಚಿಪ್ಪಿನಲ್ಲಿ ಯಾವ ಕಡತ ಎಲ್ಲಿದೆ ಅಂತ ಲೆಕ್ಕ ಇಡುವ ಪದ್ಧತಿ. ಹವ್ಯಾಸಿಗಳು ಅದನ್ನು ತೆಗೆದು ಬೇರೆ ಪದ್ಧತಿ ಹಾಕುವ ಉಪಾಯಗಳನ್ನು ಹಂಚಿಕೊಂಡರು. ಆ ಉಪಾಯಗಳಿಗೆ ಲ್ಯಾಗ್‌ಫಿಕ್ಸ್ ಅಂತಲೇ ಹೆಸರಾಯಿತು. ಚಿಪ್ ಅದೇ, ಲೆಕ್ಕದ ಪುಸ್ತಕ ಬದಲಾಯಿತು, ಅಂಕಿ ಏರಿತು. ಅದೇ ವರ್ಷದ ಕೊನೆಗೆ ಗೂಗಲ್ ಕೂಡ ನೆಕ್ಸಸ್ ಎಸ್ ಫೋನಿನಲ್ಲಿ ಹಳೆಯ ಪದ್ಧತಿ ಬಿಟ್ಟು ಇಎಕ್ಸ್‌ಟಿ4 ಎಂಬುದಕ್ಕೆ ಬಂತು.

ಆದರೂ ಫೋನು ನಿಧಾನ ಅಂದರೆ ಹೆಚ್ಚಿನವರು ನೆಟ್‌ವರ್ಕಿಗೆ ಬೈಯುತ್ತಿದ್ದರು. 2012ರ ಫೆಬ್ರುವರಿಯಲ್ಲಿ ಹ್ಯೊಜುನ್ ಕಿಮ್, ನಿತಿನ್ ಅಗರ್‌ವಾಲ್, ಕ್ರಿಸ್ಟಿಯನ್ ಉಂಗುರಿಯಾನು ಎಂಬ ಮೂವರು ಸಂಶೋಧಕರು ಇದನ್ನು ಪ್ರಶ್ನಿಸಿ ಒಂದು ಪ್ರಬಂಧ ಮಂಡಿಸಿದರು. ಅವರು ಮಾಡಿದ್ದು ಸರಳ ಕೆಲಸ: ಫೋನು ಅದೇ, ವೈಫೈ ಅದೇ, ಸ್ಟೋರೇಜ್ ಮಾತ್ರ ಬದಲು. ಬ್ರೌಸರ್, ಮ್ಯಾಪ್ಸ್, ಇಮೇಲ್, ಫೇಸ್‌ಬುಕ್, ಆ್ಯಪ್ ಇನ್‌ಸ್ಟಾಲ್ ಇವುಗಳಲ್ಲಿ ಸಾಮಾನ್ಯವಾಗಿ ಶೇ. 100ರಿಂದ 300ರವರೆಗೆ ವ್ಯತ್ಯಾಸ ಕಂಡಿತು. ಒಂದು ವಿಪರೀತ ಸಂದರ್ಭದಲ್ಲಿ ಶೇ. 2000 ದಾಟಿತು. ಆ್ಯಪ್‌ಗಳು ತಮ್ಮ ಮಾಹಿತಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ, ಪ್ರತಿ ಸಲವೂ "ಬರೆದಾಯ್ತಾ?" ಅಂತ ಖಚಿತ ಮಾಡಿಕೊಂಡು ಬರೆಯುತ್ತವೆ, ಅಗ್ಗದ ಕಾರ್ಡು ಸೋಲುವುದು ಅಲ್ಲಿ.

ಮೆಮೊರಿ ಕಾರ್ಡಿನ ಮೇಲೆ ವೃತ್ತದೊಳಗೆ 10 ಅಂತ ಬರೆದಿರುತ್ತದಲ್ಲ, ಕ್ಲಾಸ್ 10, ಅದು ಅಳೆಯುವುದು ಲಾರಿ ಇಳಿಸುವ ವೇಗವನ್ನು ಮಾತ್ರ. ಸಂತೆಯಲ್ಲಿ ಕೊಂಡ ಕಾರ್ಡಿಗೆ ಮೊಬೈಲ್ ಅಂಗಡಿಯಲ್ಲಿ ಹಣ ಕೊಟ್ಟು ಹಾಡು ತುಂಬಿಸಿಕೊಂಡ ಕಾಲದಲ್ಲಿ ಅದು ಸಾಕಿತ್ತು, ಹಾಡು ಸಾಲಾಗಿ ಓದುವ ಸರಕು. ಅದೇ ಕಾರ್ಡಿಗೆ ಆ್ಯಪ್‌ಗಳನ್ನು ಸಾಗಿಸಿದಾಗ ಫೋನು ಕುಂಟಿತು. ಕಾರ್ಡು ತಯಾರಕರ ಸಂಘ ಆ್ಯಪ್‌ಗಳಿಗಾಗಿಯೇ ಎ1 ಎಂಬ ಗುರುತು ತಂದದ್ದು 2016ರಲ್ಲಿ. ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದು, 500 ಬಿಡಿ ಬರಹ ಎಂದು ಅದರ ಅರ್ಥ. ಆ್ಯಪ್ ಹಾಕಲು ಕಾರ್ಡು ಕೊಳ್ಳುವವರು ನೋಡಬೇಕಾದದ್ದು ಆ ಗುರುತನ್ನು.

ಈಗ ನೆಕ್ಸಸ್ 7ರ ವಿಷಯ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಹೆಚ್ಚು ಪಾಠ ಇರುವುದು ಇದರಲ್ಲೇ. ಗೂಗಲ್ ಮತ್ತು ಏಸುಸ್ ಸೇರಿ 2012ರ ಮಧ್ಯದಲ್ಲಿ ತಂದ ಏಳಿಂಚಿನ ಟ್ಯಾಬ್ಲೆಟ್ ಅದು. ಬೆಲೆ 199 ಡಾಲರ್. ಆ ಬೆಲೆಗೆ ಅಷ್ಟು ಚೆಂದದ ಟ್ಯಾಬ್ಲೆಟ್ ಬೇರೆ ಇರಲಿಲ್ಲ, ಲಕ್ಷಾಂತರ ಜನ ಕೊಂಡರು. ಕೆಲವೇ ತಿಂಗಳಲ್ಲಿ ದೂರು ಶುರುವಾಯಿತು. ಹೊಸದಾಗಿ ಚುರುಕಾಗಿದ್ದ ಯಂತ್ರ ಬೆರಳು ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಎಚ್ಚರಗೊಳ್ಳುವಂತಾಯಿತು. ಜಾಗ ತುಂಬುತ್ತಾ ಬಂದಷ್ಟೂ ಬರೆಯುವ ವೇಗ ಕುಸಿಯಿತು. ಅಚ್ಚರಿಯೆಂದರೆ, ಕಡತಗಳನ್ನು ಅಳಿಸಿದ ಮೇಲೂ ವೇಗ ಮರಳಲಿಲ್ಲ.

ಕಾರಣ ಹೀಗಿತ್ತು. ನೀವು ಒಂದು ವಿಡಿಯೊ ಅಳಿಸಿದಾಗ ಆಂಡ್ರಾಯ್ಡ್ ತನ್ನ ಲೆಕ್ಕದ ಪುಸ್ತಕದಲ್ಲಿ "ಈ ಜಾಗ ಖಾಲಿ" ಅಂತ ಬರೆದುಕೊಳ್ಳುತ್ತದೆ. ಆದರೆ ಆ ಸುದ್ದಿಯನ್ನು ಚಿಪ್ಪಿಗೆ ಯಾರೂ ಹೇಳುತ್ತಿರಲಿಲ್ಲ. ಚಿಪ್ಪಿನ ಲೆಕ್ಕದಲ್ಲಿ ಆ ವಿಡಿಯೊ ಇನ್ನೂ ಜೀವಂತ. ಸ್ಲೇಟು ಒರೆಸುವಾಗಲೆಲ್ಲ ಸತ್ತ ವಿಡಿಯೊದ ಸಾಲುಗಳನ್ನೂ ಜೋಪಾನವಾಗಿ ಇನ್ನೊಂದು ಸ್ಲೇಟಿಗೆ ನಕಲು ಮಾಡುತ್ತಾ ಕೂತಿತ್ತು ಬಡಪಾಯಿ. ಮನೆ ಬಿಟ್ಟು ಹೋದವರ ಹೆಸರು ಪಟ್ಟಿಯಿಂದ ತೆಗೆಯದೆ ಪ್ರತಿ ತಿಂಗಳು ಅವರ ಪಾಲನ್ನೂ ತೂಗಿಡುವ ಹಾಗೆ.

ಚಿಪ್ಪಿಗೆ ಈ ಸುದ್ದಿ ಮುಟ್ಟಿಸುವ ಆಜ್ಞೆಯ ಹೆಸರು ಟ್ರಿಮ್. 2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3ರಲ್ಲಿ ಗೂಗಲ್ ಅದನ್ನು ಸೇರಿಸಿತು. ಆನಂದ್‌ಟೆಕ್ ತಾಣದ ಆನಂದ್ ಲಾಲ್ ಶಿಂಪಿ ಇದನ್ನು ಗುರುತಿಸಿ ಬರೆದರು, ಹಳೆಯ ನೆಕ್ಸಸ್ 7 ಇಟ್ಟುಕೊಂಡವರ ಹತಾಶೆಗೆ ಕಾರಣ ಏನೆಂದು ಆಗ ಬಹಳ ಜನಕ್ಕೆ ಅರ್ಥವಾಯಿತು. ಹೊಸ ಬಿಡಿಭಾಗ ಬೇಕಾಗಲಿಲ್ಲ, ಒಂದು ಅಪ್‌ಡೇಟ್ ಸಾಕಾಯಿತು.

ಇದು ನಮಗೆ ಹತ್ತಿರದ ಮಾತಾಗುವುದು ಟ್ರಿಮ್ ಯಾವಾಗ ನಡೆಯುತ್ತದೆ ಅನ್ನುವುದರಲ್ಲಿ. ನೀವು ಫೋನು ಬಳಸುತ್ತಿರುವಾಗ ಈ ಗುಡಿಸುವ ಕೆಲಸ ನಡೆಯುವುದಿಲ್ಲ. ಪರದೆ ಆರಿ, ಫೋನು ಬಹಳ ಹೊತ್ತು ಸುಮ್ಮನಿದ್ದು, ಚಾರ್ಜ್ ಸಾಕಷ್ಟಿದ್ದಾಗ, ಅಂದರೆ ಹೆಚ್ಚಾಗಿ ರಾತ್ರಿ ಚಾರ್ಜಿಗೆ ಹಾಕಿ ಮಲಗಿದಾಗ ನಡೆಯುತ್ತದೆ. ರಾತ್ರಿ ಕರೆಂಟು ಇಲ್ಲದೆ, ಹಗಲು ಸಿಕ್ಕ ಅರ್ಧ ಗಂಟೆಯಲ್ಲಿ ಚಾರ್ಜ್ ಮಾಡುತ್ತಲೇ ವಿಡಿಯೊ ನೋಡಿ, ಮಲಗುವಾಗ ಸ್ವಿಚ್ ಆಫ್ ಮಾಡುವ ಫೋನಿಗೆ ಆ ಬಿಡುವು ಸಿಗುವುದು ಕಷ್ಟ. ಅಂಕಿ ಕಡಿಮೆ ಬಂದರೆ ಮೊದಲು ಮೂರ್ನಾಲ್ಕು ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ, ಆನ್ ಇಟ್ಟೇ ಬಿಟ್ಟುಬಿಡಿ. ಆಮೇಲೆ ಮತ್ತೆ ಅಳೆಯಿರಿ. ಖರ್ಚಿಲ್ಲದ ಔಷಧಿ.

ಮರುವರ್ಷ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. 2014ರ ಕೊನೆಗೆ ಆಂಡ್ರಾಯ್ಡ್ 5.0 ಜೊತೆ ಬಂದ ನೆಕ್ಸಸ್ 6 ಫೋನಿನಲ್ಲಿ ಎಲ್ಲ ಮಾಹಿತಿಯೂ ಮೊದಲಿನಿಂದಲೇ ಎನ್‌ಕ್ರಿಪ್ಟ್ ಆಗಿರುತ್ತಿತ್ತು, ಅಂದರೆ ಕದ್ದವರಿಗೆ ಓದಲಾಗದ ಗೂಢ ರೂಪದಲ್ಲಿ. ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಅಕ್ಷರಕ್ಕೂ ಬೀಗ ಹಾಕಿ ತೆಗೆಯುವ ಕೆಲಸಕ್ಕೆ ಸಮಯ ಬೇಕಲ್ಲ. ಆನಂದ್‌ಟೆಕ್ ಅಳೆದಾಗ ರ‍್ಯಾಂಡಮ್ ಓದು ಶೇ. 62.9, ರ‍್ಯಾಂಡಮ್ ಬರಹ ಶೇ. 50.5, ಸೀಕ್ವೆನ್ಷಿಯಲ್ ಓದು ಶೇ. 80.7ರಷ್ಟು ಕುಸಿದಿತ್ತು. ಚಿಪ್ಪಿನಲ್ಲಿ ಏನೂ ದೋಷವಿಲ್ಲ. 2015ರ ಆರಂಭದಲ್ಲಿ ಗೂಗಲ್ ಈ ನಿಯಮವನ್ನು ಹೊಸ ಫೋನುಗಳಿಗೆ ಕಡ್ಡಾಯ ಮಾಡದೆ ಸಡಿಲಿಸಿತು.

ದುಬಾರಿ ಫೋನುಗಳಲ್ಲಿ ಈ ಬೀಗದ ಕೆಲಸಕ್ಕೇ ಮೀಸಲಾದ ಭಾಗ ಪ್ರೊಸೆಸರ್ ಒಳಗೆ ಬಂತು, ತೊಂದರೆ ಮುಗಿಯಿತು. ಅಗ್ಗದ ಫೋನುಗಳಲ್ಲಿ ಅದಿರಲಿಲ್ಲ. ಅಂದರೆ ಹಲವು ವರ್ಷ, ಕಡಿಮೆ ಬೆಲೆಯ ಫೋನು ಕಳೆದುಕೊಂಡವನ ಫೋಟೊ, ಮೆಸೇಜು ಯಾರ ಕೈಗಾದರೂ ಸಿಗಬಹುದಿತ್ತು. ದುಬಾರಿ ಫೋನಿನವನದು ಸುರಕ್ಷಿತ. ಈ ಅನ್ಯಾಯದ ಬಗ್ಗೆ ಹೆಚ್ಚು ಮಾತು ಕೇಳಿಬಂದದ್ದು ನನಗೆ ನೆನಪಿಲ್ಲ. 2019ರ ಫೆಬ್ರುವರಿಯಲ್ಲಿ ಗೂಗಲ್‌ನ ಪಾಲ್ ಕ್ರೌಲಿ, ಎರಿಕ್ ಬಿಗ್ಗರ್ಸ್ ರೂಪಿಸಿದ ಅಡಿಯಾಂಟಮ್ ಎಂಬ ವಿಧಾನ ಬಂತು. ಅಂಥ ಸಣ್ಣ ಪ್ರೊಸೆಸರ್‌ಗಳಲ್ಲಿ ಹಳೆಯ ವಿಧಾನಕ್ಕಿಂತ ಸುಮಾರು ಐದು ಪಟ್ಟು ವೇಗ. ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು. "ಎನ್‌ಕ್ರಿಪ್ಷನ್ ತೆಗೆಸಿದರೆ ಸ್ಪೀಡ್ ಆಗುತ್ತೆ" ಅಂತ ಈಗಲೂ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಹಳೆಯ ಮಾತು.

ಇಷ್ಟು ಹೊತ್ತು ಹೇಳಿದ್ದು ಒಂದೇ ಜಾತಿಯ ಚಿಪ್ ಏರಿಳಿದ ಕಥೆ. ಚಿಪ್ಪಿನ ಜಾತಿಯೇ ಬೇರೆಯಾದದ್ದು 2015ರಲ್ಲಿ. ಅಲ್ಲಿಯವರೆಗೆ ಹೆಚ್ಚಿನ ಫೋನುಗಳಲ್ಲಿದ್ದದ್ದು ಇಎಂಎಂಸಿ. ಒಂದೇ ಪಥದ ರಸ್ತೆ ಅದು; ಓದುವಾಗ ಬರೆಯಲು ಬರದು, ಬರೆಯುವಾಗ ಓದಲು ಬರದು. ಆ ವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6ರಲ್ಲಿ ಯುಎಫ್‌ಎಸ್ ಬಂತು. ಹೋಗುವುದಕ್ಕೊಂದು ಪಥ, ಬರುವುದಕ್ಕೊಂದು ಪಥ. ರ‍್ಯಾಂಡಮ್ ಓದಿನಲ್ಲಿ ಇಎಂಎಂಸಿ 5.0ಗಿಂತ 2.7 ಪಟ್ಟು ವೇಗ ಅಂತ ಕಂಪನಿ ಹೇಳಿಕೊಂಡಿತು. ಇಎಂಎಂಸಿ ರಸ್ತೆಯ ಗರಿಷ್ಠ ಮಿತಿಯೇ ಸೆಕೆಂಡಿಗೆ 400 ಎಂಬಿ, ಅಳತೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಹಾಗಾಗಿ ಇಎಂಎಂಸಿ ಫೋನಿನಲ್ಲಿ 250–300 ಬಂದರೆ ಅದು ರೋಗವಲ್ಲ, ಅದರ ಹುಟ್ಟು ಅಷ್ಟೇ. ನಿಮ್ಮ ಅಂಕಿಯನ್ನು ಹೋಲಿಸಬೇಕಾದದ್ದು ಅದೇ ಮಾಡೆಲ್, ಅಷ್ಟೇ ಜಿಬಿ ಇರುವ ಇನ್ನೊಂದು ಫೋನಿನ ಜೊತೆ.

ಅದೇ ಮಾಡೆಲ್‌ನಲ್ಲೂ ಬೇರೆ ಬಂದರೆ? 2017ರಲ್ಲಿ ಆದದ್ದು ಅದೇ. ಹುವಾವೇ ಕಂಪನಿಯ ಪಿ10 ಫೋನು ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು, ದುಬಾರಿ ಸಾಲಿನದು. ಏಪ್ರಿಲ್ ಹೊತ್ತಿಗೆ ಚೀನಾದ ಗ್ರಾಹಕರು ಆ್ಯಂಡ್ರೊಬೆಂಚ್ ಹಾಕಿ ತಮ್ಮ ತಮ್ಮ ಅಂಕಿಗಳನ್ನು ಹೋಲಿಸಿ ನೋಡಿದರು. ಕೆಲವರಿಗೆ ಸೆಕೆಂಡಿಗೆ 700 ಎಂಬಿ ದಾಟಿತ್ತು, ಕೆಲವರಿಗೆ 500ರ ಆಸುಪಾಸು, ಕೆಲವರಿಗೆ 300. ಒಂದೇ ಡಬ್ಬ, ಒಂದೇ ಬೆಲೆ, ಒಂದೇ ಹೆಸರು. ಒಳಗೆ ಕೆಲವರಿಗೆ ಯುಎಫ್‌ಎಸ್, ಕೆಲವರಿಗೆ ಇಎಂಎಂಸಿ. ಲಾಟರಿ ಹೊಡೆದಂತೆ. ಕಂಪನಿಯ ಗ್ರಾಹಕ ವ್ಯವಹಾರ ವಿಭಾಗದ ಮುಖ್ಯಸ್ಥ ರಿಚರ್ಡ್ ಯು ಚೀನಾದ ವೀಬೊ ಜಾಲತಾಣದಲ್ಲಿ, ಮಾರುಕಟ್ಟೆಯಲ್ಲಿ ಫ್ಲಾಶ್ ಚಿಪ್ಪಿಗೆ ಕೊರತೆ ಇತ್ತು ಅಂತ ಸಮರ್ಥಿಸಿಕೊಂಡರು. ಜನ ಸುಮ್ಮನಾಗಲಿಲ್ಲ. ಕೊನೆಗೆ ತಮ್ಮ ಮೊದಲ ಉತ್ತರದಲ್ಲಿ ವಿನಯ ಸಾಲದಾಗಿತ್ತು ಅಂತ ಅವರು ಒಪ್ಪಿಕೊಳ್ಳಬೇಕಾಯಿತು.

ಒಂದು ಪುಕ್ಕಟೆ ಆ್ಯಪ್ ಇಟ್ಟುಕೊಂಡು ಸಾಮಾನ್ಯ ಗ್ರಾಹಕರು ಅಷ್ಟು ದೊಡ್ಡ ಕಂಪನಿಯ ಬಾಯಿ ಬಿಡಿಸಿದ್ದು ಸಣ್ಣ ಸಂಗತಿಯಲ್ಲ. ಅವರು ಗೆದ್ದದ್ದು ಒಬ್ಬರ ಅಂಕಿಯಿಂದ ಅಲ್ಲ, ನೂರಾರು ಜನ ಅಳೆದು ಒಟ್ಟಿಗೆ ಇಟ್ಟದ್ದರಿಂದ.

ನಮ್ಮ ದೇಶದ ಅಧ್ಯಾಯಕ್ಕೆ ಬೇರೆಯೇ ಬಣ್ಣ. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಒನ್ ಯೋಜನೆಯನ್ನು ಭಾರತದಲ್ಲೇ ಮೊದಲು ಆರಂಭಿಸಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಫೋನುಗಳು, ಬೆಲೆ 6,399 ರೂಪಾಯಿಯಿಂದ, ಸ್ಟೋರೇಜ್ 4 ಜಿಬಿ. ಅದರಲ್ಲೂ ಒಂದು ಪಾಲು ಆಂಡ್ರಾಯ್ಡ್‌ಗೇ ಹೋಗುತ್ತಿತ್ತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ಚಿಪ್ ಮಾತ್ರ ಸಣ್ಣದೇ ಉಳಿಯಿತು. ಆಮೇಲೆ ಬೆಳಗಾದರೆ ಸಾಕು, ಹೂವು, ಸೂರ್ಯ, ದೇವರ ಪಟ, ಶುಭೋದಯ. 2018ರ ಜನವರಿಯಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಇದನ್ನೇ ಸುದ್ದಿ ಮಾಡಿತು. ಭಾರತೀಯರ ಫೋನುಗಳು ಯಾಕೆ ಕಟ್ಟಿಕೊಳ್ಳುತ್ತಿವೆ ಅಂತ ಗೂಗಲ್‌ನವರು ಹುಡುಕಿದಾಗ ಸಿಕ್ಕ ಒಂದು ಕಾರಣ ಗುಡ್ ಮಾರ್ನಿಂಗ್ ಚಿತ್ರಗಳು. ವೆಸ್ಟರ್ನ್ ಡಿಜಿಟಲ್ ಕಂಪನಿಯ ಲೆಕ್ಕದಂತೆ ಭಾರತದಲ್ಲಿ ಮೂವರಲ್ಲಿ ಒಬ್ಬರಿಗೆ ದಿನವೂ ಫೋನಿನ ಜಾಗ ಮುಗಿಯುತ್ತಿತ್ತು, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗೆ. ಅಂಥ ಚಿತ್ರಗಳನ್ನು ಗುರುತಿಸಿ ಅಳಿಸುವ ಫೈಲ್ಸ್ ಗೊ ಆ್ಯಪ್ 2017ರ ಡಿಸೆಂಬರ್‌ನಲ್ಲಿ ಬಂತು. ಈಗ ಅದರ ಹೆಸರು ಫೈಲ್ಸ್.

ಪತ್ರಿಕೆ ಅದನ್ನು ತಮಾಷೆಯ ಸುದ್ದಿಯಂತೆ ಬರೆದಿತ್ತು. ಸ್ಲೇಟಿನ ಲೆಕ್ಕ ಗೊತ್ತಿದ್ದವರಿಗೆ ಅದು ತಮಾಷೆಯಲ್ಲ. 32 ಜಿಬಿಯಲ್ಲಿ 31 ತುಂಬಿದ ಫೋನಿನ ಬರೆಯುವ ವೇಗ ಕುಸಿಯಲೇಬೇಕು. ಐದನೇ ಒಂದು ಭಾಗದಷ್ಟಾದರೂ ಖಾಲಿ ಇಟ್ಟು, ಒಂದು ರಾತ್ರಿ ಟ್ರಿಮ್ ಆಗಲು ಬಿಟ್ಟು ಅಳೆದರೆ ಅಂಕಿ ಮೇಲೇರುವುದನ್ನು ನೀವೇ ನೋಡಬಹುದು.

ಇತ್ತೀಚಿನ ಅಧ್ಯಾಯ ವರ್ಚುವಲ್ ರ‍್ಯಾಮ್. ಡಬ್ಬದ ಮೇಲೆ 4+4 ಅಂತ ಹಾಕಿ 8 ಜಿಬಿ ರ‍್ಯಾಮ್ ಎಂದು ಮಾರುತ್ತಾರೆ. ಎರಡನೆಯ 4 ರ‍್ಯಾಮ್ ಅಲ್ಲ, ನಿಮ್ಮ ಸ್ಟೋರೇಜಿನಿಂದಲೇ ಕಡ ತೆಗೆದ ಜಾಗ. ಯುಎಫ್‌ಎಸ್ ಇರುವ ಫೋನು ಹೇಗೋ ತಡೆದುಕೊಳ್ಳುತ್ತದೆ. ನಿಧಾನದ ಇಎಂಎಂಸಿ ಮೇಲೆ ಇದನ್ನೂ ಹೇರಿದರೆ ಓದಲು ಬಂದ ಆ್ಯಪ್‌ಗಳೆಲ್ಲ ಅದೇ ಕಿರಿದಾದ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಸವೆತವೂ ಹೆಚ್ಚು. ಹಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆರಿಸುವ ಅವಕಾಶ ಇದೆ. ಆರಿಸಿ ಅಳೆದು ನೋಡಿ.

ಅಳೆಯುವಾಗಲೂ ಸ್ವಲ್ಪ ಜಾಣತನ ಬೇಕು. ಫೋನು ಬಿಸಿಯಾಗಿದ್ದರೆ, ಬ್ಯಾಟರಿ ಸೇವರ್ ಆನ್ ಇದ್ದರೆ, ಹಿಂದುಗಡೆ ಪ್ಲೇ ಸ್ಟೋರ್ ಅಪ್‌ಡೇಟ್ ಮಾಡುತ್ತಿದ್ದರೆ ಅಂಕಿ ಬೀಳುತ್ತದೆ. ಕೆಲವು ಚಿಪ್ಪುಗಳಲ್ಲಿ ಬರೆದದ್ದನ್ನು ಮೊದಲು ಒಂದು ಚಿಕ್ಕ ವೇಗದ ಭಾಗಕ್ಕೆ ಹಾಕಿಕೊಂಡು ಆಮೇಲೆ ಒಳಗೆ ಸಾಗಿಸುವ ಏರ್ಪಾಡಿದೆ. ಆ ಭಾಗ ತುಂಬಿದ ಮೇಲೆ ಅಳೆದರೆ ಅದೇ ಫೋನು ಸೋತಂತೆ ಕಾಣುತ್ತದೆ. ರೀಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು, ಬಿಡುವು ಕೊಟ್ಟು ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಳ್ಳಿ. ದಿನಾ ಅಳೆಯುವ ಚಟ ಬೇಡ, ಪ್ರತಿ ಪರೀಕ್ಷೆಯೂ ಚಿಪ್ಪಿನ ಮೇಲೆ ಬರೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅಂಕಿ ಪಾತಾಳದಲ್ಲೇ ಇದ್ದು, ಜೊತೆಗೆ ಫೋನು ತಾನಾಗಿ ರೀಸ್ಟಾರ್ಟ್ ಆಗುವುದು, ತೆಗೆದ ಫೋಟೊ ಅರ್ಧ ಬೂದಿಬಣ್ಣಕ್ಕೆ ತಿರುಗುವುದು ಕಂಡರೆ ಮಾತ್ರ ಚಿಪ್ ಸವೆದಿರುವ ಅನುಮಾನ ಪಡಿ. ಆಗ ಅಂಗಡಿಗೆ ಓಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಮಕ್ಕಳ ಫೋಟೊ, ಪಹಣಿಯ ಪ್ರತಿ, ಬ್ಯಾಂಕಿನ ಕಾಗದಗಳನ್ನು ಪೆನ್‌ಡ್ರೈವಿಗೋ ಇನ್ನೊಂದು ಫೋನಿಗೋ ಸಾಗಿಸಿಕೊಳ್ಳಿ. ಮೆಮೊರಿ ಕಾರ್ಡಿನ ಹಾಗೆ ಈ ಚಿಪ್ಪನ್ನು ಕಿತ್ತು ಬೇರೆ ಫೋನಿಗೆ ಹಾಕಿ ಓದಲು ಬರುವುದಿಲ್ಲ. ಅದು ಬೋರ್ಡಿಗೆ ಬೆಸುಗೆಯಾಗಿರುತ್ತದೆ, ಎನ್‌ಕ್ರಿಪ್ಷನ್ನಿನ ಕೀಲಿ ಆ ಫೋನಿನ ಪ್ರೊಸೆಸರ್‌ಗೇ ಕಟ್ಟಿಕೊಂಡಿರುತ್ತದೆ.